ಮಕ್ಕಳ ಸರತಿಯನ್ನು ಮಾರುವ ಉದ್ಯಾನಗಳು

ಬೇಸಿಗೆ ರಜೆಯೋ ಡಿಸೆಂಬರ್ ರಜೆಯೋ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ಒಂದೇ ಬಗೆಯ ಭಾವಚಿತ್ರಗಳು ಬರತೊಡಗುತ್ತವೆ. ಹಿನ್ನೆಲೆಯಲ್ಲಿ ನೀಲಿ ಗೋಪುರಗಳ ಕೋಟೆ; ಮುಂದೆ ನಗುತ್ತಿರುವ ಅಪ್ಪ, ಅಮ್ಮ; ಸ್ಟ್ರೋಲರಿನಲ್ಲಿ ಇಲಿಯ ಕಿವಿಗಳ ಟೋಪಿ ತೊಟ್ಟ ಮಗು. ಎಷ್ಟೋ ಚಿತ್ರಗಳಲ್ಲಿ ಆ ಮಗು ನಿದ್ದೆ ಹೋಗಿರುತ್ತದೆ. "ಹೇಗಿತ್ತಪ್ಪಾ?" ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಸಾರ್, ಒಂದೇ ದಿನದಲ್ಲಿ ಹದಿನಾಲ್ಕು ರೈಡ್ ಕವರ್ ಮಾಡಿದೆವು!"

"ಕವರ್ ಮಾಡಿದೆವು" ಎಂಬ ಈ ಮಾತು ನನಗೆ ಬಹಳ ಪರಿಚಿತವಾದುದು. ಮಾರ್ಚ್ ತಿಂಗಳು ಹತ್ತಿರ ಬಂದಾಗ ನಮ್ಮ ಶಾಲೆಗಳ ಶಿಕ್ಷಕರ ಕೊಠಡಿಗಳಲ್ಲಿ ಕೇಳಿಬರುವ ಮಾತದು. ಪಾಠ ಮುಗಿಯಿತೋ ಇಲ್ಲವೋ ಎಂಬುದಷ್ಟೇ ಅಲ್ಲಿ ಮುಖ್ಯ. ಮಕ್ಕಳಿಗೆ ತಲುಪಿತೋ ಇಲ್ಲವೋ ಎಂಬ ಪ್ರಶ್ನೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತದೆ. ಆ ರೋಗ ಈಗ ವಿದೇಶದ ಥೀಮ್ ಪಾರ್ಕುಗಳಿಗೆ ಪುಟ್ಟ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳಿಗೂ ಅಂಟಿದೆ. ಅದಕ್ಕೆ ಮದ್ದು ಕೊಡಬೇಕಾದ ಉದ್ಯಾನಗಳೇ ರೋಗವನ್ನು ಬೆಳೆಸಿ, ಅದರಿಂದ ಹಣ ಮಾಡುತ್ತಿವೆ ಎಂಬುದು ನನ್ನ ಆಕ್ಷೇಪ. ಕೆಲವರಿಗೆ ಈ ಮಾತು ಕಹಿಯಾಗಬಹುದು. ಆದರೂ ಹೇಳಬೇಕಾದುದನ್ನು ಹೇಳಿಯೇ ಬಿಡುತ್ತೇನೆ.

ಮೊದಲು ಈ ಉದ್ಯಾನಗಳು ಹುಟ್ಟಿದ ಬಗೆಯನ್ನು ನೆನೆಯೋಣ. ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಪಾರ್ಕಿನಲ್ಲಿ ಮರದ ಕುದುರೆಗಳು ಸುತ್ತುವ ಒಂದು ಮೆರ್ರಿ-ಗೋ-ರೌಂಡ್ ಇದೆ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಕುದುರೆಯ ಮೇಲೆ ಸುತ್ತುತ್ತಿದ್ದರೆ ತಂದೆ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ. ಮಕ್ಕಳೂ ದೊಡ್ಡವರೂ ಜೊತೆಯಾಗಿ ಸಂತೋಷಪಡುವ ಒಂದು ಸ್ಥಳ ಏಕಿರಬಾರದು ಎಂಬ ಯೋಚನೆ ತನಗೆ ಹೊಳೆದದ್ದು ಅಲ್ಲಿಯೇ ಎಂದು ಮುಂದೆ ಆತನೇ ಹೇಳಿಕೊಂಡ. ಆ ಯೋಚನೆಯ ಫಲವಾಗಿ ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ, ಕಿತ್ತಳೆ ತೋಟಗಳಿದ್ದ ಜಾಗದಲ್ಲಿ, 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಆತ 1966ರಲ್ಲಿ ತೀರಿಕೊಂಡ. ಫ್ಲೋರಿಡಾದಲ್ಲಿ ಸುಮಾರು 27,000 ಎಕರೆ ನೆಲದಲ್ಲಿ ಯೋಜಿಸಲಾದ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಬಳಿಕ ಟೋಕಿಯೋ (1983), ಪ್ಯಾರಿಸ್ (1992), ಹಾಂಗ್ ಕಾಂಗ್ (2005), ಶಾಂಘೈ (2016) ಸರದಿಯಾಗಿ ಬಂದವು. ಎಲ್ಲದರ ಮೂಲದಲ್ಲಿರುವುದು ಆ ಬೆಂಚಿನ ಯೋಚನೆ: ತಂದೆತಾಯಿ ಮತ್ತು ಮಕ್ಕಳು ಜೊತೆಯಾಗಿ. ಈ ಉದ್ಯಾನಗಳನ್ನು ನಾನು ಅಳೆಯುವುದು ಪರದೇಶದ ಯಾವುದೋ ಶಾಸ್ತ್ರದಿಂದಲ್ಲ, ಅವುಗಳ ಸ್ಥಾಪಕನೇ ಹಾಕಿಕೊಟ್ಟ ಈ ಅಳತೆಗೋಲಿನಿಂದ.

ಹಿಂದಿನದೆಲ್ಲ ಬಂಗಾರ ಎಂದು ನಾನು ವಾದಿಸುವುದಿಲ್ಲ. ಆರಂಭದ ದಿನಗಳಲ್ಲಿ ಪ್ರವೇಶಕ್ಕೆ ಒಂದು ಟಿಕೆಟ್, ಒಳಗಿನ ಪ್ರತಿಯೊಂದು ಆಟಕ್ಕೂ ಬೇರೆ ಟಿಕೆಟ್ ಇತ್ತು. ಎ, ಬಿ, ಸಿ ಎಂದು ದರ್ಜೆಗಳಿದ್ದವು. 1959ರಲ್ಲಿ ಎಲ್ಲಕ್ಕಿಂತ ದುಬಾರಿಯಾದ ‘ಇ’ ಟಿಕೆಟ್ ಬಂತು. ಈ ಪದ್ಧತಿ 1982ರವರೆಗೂ ನಡೆಯಿತು. ಅಂದರೆ ಹಣವಿದ್ದವರ ಮಗು ಹೆಚ್ಚು ಆಟ ಆಡುತ್ತಿತ್ತು, ಇಲ್ಲದವರ ಮಗು ಕಡಿಮೆ ಆಡುತ್ತಿತ್ತು. ಅದು ಅಂಗಡಿಯ ನ್ಯಾಯ. ಆದರೆ ಟಿಕೆಟ್ ಹಿಡಿದು ಸಾಲಿನಲ್ಲಿ ನಿಂತ ಮೇಲೆ ಮುಂದೆ ಬಂದವರು ಮುಂದೆ, ಹಿಂದೆ ಬಂದವರು ಹಿಂದೆ. ನಿಂತ ಮಕ್ಕಳ ನಡುವೆ ಹಣ ನುಸುಳುತ್ತಿರಲಿಲ್ಲ.

1999ರಲ್ಲಿ ‘ಫಾಸ್ಟ್‌ಪಾಸ್’ ಎಂಬುದು ಬಂದಾಗಲೂ ಈ ಸಮಾನತೆಗೆ ದೊಡ್ಡ ಭಂಗ ಬರಲಿಲ್ಲ. ಯಂತ್ರವೊಂದಕ್ಕೆ ನಿಮ್ಮ ಪ್ರವೇಶ ಟಿಕೆಟ್ ತೋರಿಸಿದರೆ ಅದು ಒಂದು ಚೀಟಿ ಕೊಡುತ್ತಿತ್ತು. ಅದರಲ್ಲಿದ್ದ ಸಮಯಕ್ಕೆ ಹಿಂದಿರುಗಿದರೆ ಹೆಚ್ಚು ಕಾಯದೆ ಒಳಗೆ ಹೋಗಬಹುದಿತ್ತು. ಅದಕ್ಕೆ ಬೇರೆ ಹಣವಿರಲಿಲ್ಲ. ಒಳಗೆ ಬಂದ ಎಲ್ಲರಿಗೂ ಅದರ ಮೇಲೆ ಹಕ್ಕಿತ್ತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಉದ್ಯಾನಗಳು ಮುಚ್ಚಿ ಮತ್ತೆ ತೆರೆದ ಮೇಲೆ ಈ ಉಚಿತ ವ್ಯವಸ್ಥೆ ಮರಳಲಿಲ್ಲ. 2021ರ ಅಕ್ಟೋಬರಿನಲ್ಲಿ ಫ್ಲೋರಿಡಾದಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು: ತಲೆಗೆ ದಿನಕ್ಕೆ 15 ಡಾಲರ್, ಅತಿ ಬೇಡಿಕೆಯ ಕೆಲವು ಆಟಗಳಿಗೆ ಮತ್ತೆ ಬೇರೆ ದರ. ವೇಗದ ಸಾಲಿಗೆ ‘ಲೈಟ್ನಿಂಗ್ ಲೇನ್’, ಅಂದರೆ ಮಿಂಚಿನ ದಾರಿ, ಎಂದು ಹೆಸರಿಟ್ಟರು. 2024ರಲ್ಲಿ ಅದಕ್ಕೆ ಹೊಸ ಹೆಸರುಗಳು ಬಂದವು. ಅದೇ ವರ್ಷದ ಕೊನೆಗೆ, ಸಮಯದ ಕಟ್ಟುಪಾಡೂ ಇಲ್ಲದೆ ನೇರ ಒಳಗೆ ಹೋಗುವ ‘ಪ್ರೀಮಿಯರ್’ ಎಂಬ ಇನ್ನೂ ಮೇಲಿನ ಮೆಟ್ಟಿಲು ಬಂತು. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನದಲ್ಲಿ ಈ ಮೆಟ್ಟಿಲಿನ ಬೆಲೆ ಪ್ರವೇಶ ಟಿಕೆಟ್ಟಿನ ಬೆಲೆಯನ್ನೇ ಮೀರಿಸುತ್ತದೆ. ಡಿಸ್ನಿಯೊಂದನ್ನೇ ದೂರಿ ಫಲವಿಲ್ಲ. ನಮ್ಮವರು ಹೆಚ್ಚಾಗಿ ಹೋಗುವ ಸಿಂಗಾಪುರದ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿಯೂ ‘ಎಕ್ಸ್‌ಪ್ರೆಸ್’ ಪಾಸು ಮಾರಾಟಕ್ಕಿದೆ.

"ಬೇಕಾದವರು ಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ, ಯಾರಿಗೇನು ನಷ್ಟ?" ಎಂದು ನೀವು ಕೇಳಬಹುದು. ನಷ್ಟವಿದೆ. ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ನೋಡೋಣ. ಒಂದು ಆಟಕ್ಕೆ ಗಂಟೆಗೆ 1000 ಮಂದಿ ಹತ್ತಬಹುದೆಂದು ಭಾವಿಸಿರಿ. ಸಾಮಾನ್ಯ ಸಾಲಿನಲ್ಲಿ 600 ಮಂದಿ ನಿಂತಿದ್ದಾರೆ. ಒಂದೇ ಸಾಲಾದರೆ ಕೊನೆಯವನು 36 ನಿಮಿಷದಲ್ಲಿ ಒಳಗೆ ಹೋಗುತ್ತಾನೆ. ಈಗ 1000 ಆಸನಗಳಲ್ಲಿ 700ನ್ನು ಹಣ ಕೊಟ್ಟವರಿಗೆ ತೆಗೆದಿಡಿ, ಉಳಿದದ್ದು 300. ಅದೇ 600 ಮಂದಿಯ ಸಾಲು ಕರಗಲು ಈಗ ಎರಡು ಗಂಟೆ ಬೇಕು. ಇವು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು. ಆದರೆ ತತ್ತ್ವ ಬದಲಾಗುವುದಿಲ್ಲ. ಆಟದ ಯಂತ್ರ ವೇಗವಾಗಿ ತಿರುಗುವುದಿಲ್ಲ, ಆಸನಗಳು ಹೆಚ್ಚುವುದಿಲ್ಲ. ಒಬ್ಬರಿಗೆ ಉಳಿಸಿಕೊಟ್ಟ ಸಮಯವನ್ನು ಇನ್ನೊಬ್ಬರ ಜೇಬಿನಿಂದ ತೆಗೆಯಲಾಗಿದೆ. ಸಾಲು ಉದ್ದವಾದಷ್ಟೂ ಅದನ್ನು ತಪ್ಪಿಸುವ ಚೀಟಿಗೆ ಬೆಲೆ ಏರುತ್ತದೆ. ಸಾಲು ಉದ್ದವಾಗಿರುವುದರಲ್ಲೇ ಲಾಭ ಕಂಡುಕೊಂಡ ಸಂಸ್ಥೆಗೆ ಅದನ್ನು ಗಿಡ್ಡಗೊಳಿಸುವ ಆತುರ ಎಲ್ಲಿಂದ ಬರಬೇಕು?

ಈ ಲೆಕ್ಕ ದೊಡ್ಡವರಿಗೆ ಅರ್ಥವಾಗುತ್ತದೆ. ಮಕ್ಕಳಿಗೆ ಅರ್ಥವಾಗುವುದು ಬೇರೆ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ಅಂತಹುದೊಂದು ಉದ್ಯಾನಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ಐದು ವರ್ಷದ ಮೊಮ್ಮಗಳು ನನ್ನ ಬೆರಳು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಪಕ್ಕದ ದಾರಿಯಲ್ಲಿ ಜನ ಸರಸರನೆ ಮುಂದೆ ಹೋಗುತ್ತಿದ್ದರು. "ತಾತ, ಅವರೆಲ್ಲ ಯಾಕೆ ಮುಂದೆ ಹೋಗ್ತಾರೆ?" ಎಂದಳು. ಅವಳ ತಾಯಿಯೇ ಉತ್ತರ ಕೊಟ್ಟಳು: "ಅವರು ದುಡ್ಡು ಕೊಟ್ಟಿದ್ದಾರೆ, ಪುಟ್ಟಾ." ಮಗು ಸ್ವಲ್ಪ ಹೊತ್ತು ಯೋಚಿಸಿ, "ನಾವೂ ಕೊಟ್ಟಿದ್ದೀವಲ್ಲ?" ಎಂದಿತು. ಮೂವತ್ತು ವರ್ಷ ಪೌರನೀತಿಯ ಪಾಠ ಮಾಡಿದ ನನಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಸಾಲು ಎಂಬುದು ಮಗು ಕಲಿಯುವ ಮೊದಲ ಪೌರನೀತಿ. ಪ್ರಾರ್ಥನೆಗೆ ಸಾಲು, ನೀರು ಕುಡಿಯಲು ಸಾಲು, ಮಧ್ಯಾಹ್ನದ ಬಿಸಿಯೂಟಕ್ಕೆ ಸಾಲು. ಸಂವಿಧಾನದ 14ನೆಯ ವಿಧಿಯನ್ನು ಹತ್ತನೆಯ ತರಗತಿಯಲ್ಲಿ ಓದುವುದಕ್ಕೆ ಬಹಳ ಮೊದಲೇ, ನಲ್ಲಿಯ ಮುಂದೆ ನಿಂತ ಮಗುವಿಗೆ ಅದರ ಅರ್ಥ ತಿಳಿದಿರುತ್ತದೆ: ಎಲ್ಲರಿಗೂ ಬಾಯಾರಿಕೆಯಾಗಿದೆ, ನನ್ನ ಸರದಿ ಬರುತ್ತದೆ. ಇಂತಹ ಪಾಠವನ್ನು ನಾವು ಹಣ ತೆತ್ತು, ಸಮುದ್ರ ದಾಟಿ ಹೋಗಿ, ಮಗುವಿನ ಮನಸ್ಸಿನಿಂದ ಅಳಿಸಿ ಬರಬೇಕೆ?

ವಿಪರ್ಯಾಸವೊಂದನ್ನು ನೋಡಿರಿ. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿಯ ಆಟವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಲೋಕದ ನಾನಾ ದೇಶಗಳ ಮಕ್ಕಳ ಗೊಂಬೆಗಳು ಒಂದೇ ಹಾಡು ಹಾಡುತ್ತ ಕುಣಿಯುತ್ತವೆ. ತಾಜ್‌ಮಹಲಿನ ರೂಪದಲ್ಲಿ ನಮ್ಮ ದೇಶವೂ ಅಲ್ಲಿದೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯೂನಿಸೆಫ್‌ಗೆ ಗೌರವವಾಗಿ, ಅದನ್ನು ರಚಿಸಲಾಯಿತು. ಲೋಕದ ಮಕ್ಕಳೆಲ್ಲ ಒಂದೇ ಎಂಬುದು ಅದರ ಸಂದೇಶ. ಇಂದು ಫ್ಲೋರಿಡಾದಲ್ಲಿ ಆ ಆಟದ ಬಾಗಿಲಲ್ಲಿ ಎರಡು ಸಾಲುಗಳಿವೆ: ಹಣ ಕೊಟ್ಟ ಮಕ್ಕಳದೊಂದು, ಕೊಡದ ಮಕ್ಕಳದೊಂದು. ಕಿರಿಯ ಮಕ್ಕಳೇ ಹೆಚ್ಚು ಹತ್ತುವ ಹಾರುವ ಆನೆ ಡಂಬೋವಿಗೂ ಮಿಂಚಿನ ದಾರಿ ಇದೆ.

ಕಾಯುವಿಕೆಯನ್ನು ಸಹನೀಯಗೊಳಿಸುವ ವಿದ್ಯೆ ಈ ಸಂಸ್ಥೆಗೆ ಗೊತ್ತಿಲ್ಲದೆ ಇಲ್ಲ. 2012ರಲ್ಲಿ ಇದೇ ಡಂಬೋ ಆಟವನ್ನು ಹೊಸ ಜಾಗಕ್ಕೆ ತಂದಾಗ, ಸುತ್ತುವ ಆನೆಗಳ ಯಂತ್ರವನ್ನು ಒಂದರಿಂದ ಎರಡಾಗಿಸಿದರು; ಕಾಯುವ ಮಕ್ಕಳು ಆಡಿಕೊಂಡಿರಲೆಂದು ಸರ್ಕಸ್ ಗುಡಾರದೊಳಗೆ ಒಂದು ಆಟದ ಅಂಗಳವನ್ನೇ ಕಟ್ಟಿದರು. ಮಕ್ಕಳ ಮನಸ್ಸನ್ನು ಬಲ್ಲವರು ಮಾಡಿದ ಕೆಲಸವದು. ನಾನು ಮನಸಾರೆ ಮೆಚ್ಚುತ್ತೇನೆ. ಆದರೆ 2025ರ ಜುಲೈಯಲ್ಲಿ ಅದೇ ಉದ್ಯಾನದ ಟಾಮ್ ಸಾಯರ್ ದ್ವೀಪವನ್ನು ಮುಚ್ಚಿದರು. 1973ರಿಂದ ಇದ್ದ ಆ ದ್ವೀಪದಲ್ಲಿ ಗುಹೆಗಳಿದ್ದವು, ತೂಗುವ ಸೇತುವೆಯಿತ್ತು, ಮರದ ಕೋಟೆಯಿತ್ತು. ತೆಪ್ಪದಲ್ಲಿ ದಾಟಿ ಹೋದ ಮಕ್ಕಳು ತಮಗೆ ತೋಚಿದಂತೆ ಓಡಾಡಬಹುದಿತ್ತು. ಆ ದ್ವೀಪವನ್ನೂ ಅದರ ಸುತ್ತಲಿನ ನದಿಯನ್ನೂ ತೆಗೆದು ‘ಕಾರ್ಸ್’ ಚಲನಚಿತ್ರದ ಕಾರುಗಳ ಹೊಸ ಪ್ರದೇಶವನ್ನು ನಿರ್ಮಿಸಲು ಹೊರಟಿದ್ದಾರೆ. ಗುಹೆಯೊಳಗೆ ಓಡುವ ಹುಡುಗನಿಂದ ನಿಮಿಷಕ್ಕಿಷ್ಟು ಎಂದು ವಸೂಲು ಮಾಡುವುದು ಕಷ್ಟ. ಸಾಲಿನಲ್ಲಿ ನಿಂತವನಿಂದ ಸುಲಭ. ಮುಚ್ಚಿದ ಕಾರಣ ಅದೇ ಎಂದು ನಾನು ಹೇಳುತ್ತಿಲ್ಲ. ಆದರೆ ಇದರಿಂದ ಕಳೆದುಕೊಂಡವರು ಯಾರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ನಮ್ಮ ಕಡೆಯ ಮಾತು. ಉದ್ಯಾನಗಳು ಆತುರವನ್ನು ಮಾರುತ್ತವೆ, ಕೊಳ್ಳುವವರು ನಾವು. ಮೂರು ವರ್ಷ ತುಂಬದ ಮಕ್ಕಳಿಗೆ ಡಿಸ್ನಿ ಉದ್ಯಾನಗಳಲ್ಲಿ ಟಿಕೆಟ್ ಇಲ್ಲ. ಈ ಒಂದು ನಿಯಮದಿಂದಾಗಿ, "ಮೂರು ತುಂಬುವುದರೊಳಗೆ ಹೋಗಿಬಂದುಬಿಡೋಣ" ಎಂದು ಪ್ರಯಾಣ ಗೊತ್ತುಮಾಡುವ ದಂಪತಿಗಳನ್ನು ನಾನು ಬಲ್ಲೆ. ಮಗು ಯಾವಾಗ ಸಿದ್ಧವಾಗುತ್ತದೆ ಎಂಬುದನ್ನು ನಿರ್ಧರಿಸುವವನು ಟಿಕೆಟ್ ಕೌಂಟರಿನ ಗುಮಾಸ್ತನೆ? ಮೂರು ವರ್ಷಕ್ಕೆ ಮುಂಚಿನ ಘಟನೆಗಳು ದೊಡ್ಡವರಲ್ಲಿ ಬಹುಮಂದಿಗೆ ನೆನಪಿರುವುದಿಲ್ಲ, ಬಿ.ಎಡ್. ತರಗತಿಯ ಮನಶ್ಶಾಸ್ತ್ರದಲ್ಲಿ ನಾವೆಲ್ಲ ಓದಿದ ಸಂಗತಿಯಿದು. ನೆನಪಿರದಿದ್ದರೆ ಸಂತೋಷವೇ ಸುಳ್ಳು ಎಂದಲ್ಲ; ಅಜ್ಜಿಯ ಮಡಿಲೂ ನೆನಪಿರುವುದಿಲ್ಲ, ಅದರಿಂದ ಅದು ವ್ಯರ್ಥವಾಯಿತೆ? ಆದರೆ "ಮಗುವಿಗೆ ಜೀವಮಾನದ ನೆನಪು" ಎಂಬ ಹೆಸರಿನಲ್ಲಿ ಮಗುವನ್ನು ಮುಂಜಾನೆ ಎಬ್ಬಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಸುತ್ತಿಸಿ, ರಾತ್ರಿಯ ಬಾಣಬಿರುಸಿನವರೆಗೂ ಎಳೆದಾಡುವಾಗ, ಆ ನೆನಪು ಯಾರದು ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು.

ಎತ್ತರದ ಮಾತನ್ನೂ ಹೇಳಿಬಿಡುತ್ತೇನೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಏಳು ಕುಳ್ಳರ ಗಣಿಯ ರೈಲಿಗೆ ಕನಿಷ್ಠ 97 ಸೆಂಟಿಮೀಟರ್, ಸ್ಪೇಸ್ ಮೌಂಟನ್ನಿಗೆ 112, ಟ್ರಾನ್ ಎಂಬ ಆಟಕ್ಕೆ 122 ಸೆಂಟಿಮೀಟರ್ ಎತ್ತರವಿರಬೇಕು. ನಾಲ್ಕು ವರ್ಷದ ಮಗುವಿನ ಎತ್ತರ ಸಾಮಾನ್ಯವಾಗಿ ನೂರು ಸೆಂಟಿಮೀಟರಿನ ಆಸುಪಾಸು. ಹೀಗಾಗಿ ಅತಿ ಉದ್ದದ ಸಾಲುಗಳಿರುವ ದೊಡ್ಡ ಆಟಗಳಲ್ಲಿ ಹಲವು ಆ ಮಗುವಿಗೆ ನಿಷಿದ್ಧ. ಮೂರರಿಂದ ಒಂಬತ್ತು ವರ್ಷದವರ ಟಿಕೆಟ್ಟಾದರೋ ದೊಡ್ಡವರದಕ್ಕಿಂತ ತುಸು ಮಾತ್ರ ಅಗ್ಗ. ಹತ್ತಲಾರದ ಆಟಗಳಿಗೂ ಸೇರಿಸಿ ಹಣ ತೆತ್ತು, ಬಳಿಕ ಆ ಹಣ ವಸೂಲಾಗಲಿಲ್ಲವೆಂದು ಮಗುವಿನ ಮೇಲೆ ಸಿಡುಕುವುದು ಯಾವ ನ್ಯಾಯ?

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. "ಸಾರ್, ಇಷ್ಟು ದೂರ ಹೋಗಿ ಎರಡು ಗಂಟೆ ಸಾಲಿನಲ್ಲಿ ನಿಲ್ಲಬೇಕೆ? ಮಗು ಅಳುವುದಿಲ್ಲವೆ?" ಖಂಡಿತ ಅಳುತ್ತದೆ, ನಿಲ್ಲಬೇಡಿರಿ. ಎರಡು ಗಂಟೆಯ ಸಾಲಿರುವ ಆಟವನ್ನು ಬಿಟ್ಟುಬಿಡಿರಿ. ಸಾಲನ್ನು ಕೊಳ್ಳುವುದಕ್ಕೂ ಸಾಲಿನಲ್ಲಿ ಬಳಲುವುದಕ್ಕೂ ನಡುವೆ ಮೂರನೆಯ ದಾರಿಯೊಂದಿದೆ: ಬೇಡ ಎನ್ನುವುದು. ಆಟಿಸಂನಂತಹ ಕಾರಣಗಳಿಂದ ಸಾಲಿನಲ್ಲಿ ನಿಲ್ಲಲಾರದ ಮಕ್ಕಳ ಮಾತು ಬೇರೆ. ಅವರಿಗೆ ಹಣವಿಲ್ಲದೆ ಬೇರೆ ವ್ಯವಸ್ಥೆ ಇದೆ, ಇರಲೇಬೇಕು. ಅದು ಅಗತ್ಯಕ್ಕೆ ಕೊಟ್ಟ ಆದ್ಯತೆ. ಹಾಗೆಯೇ ತಂದೆ ದೊಡ್ಡ ಆಟಕ್ಕೆ ಹೋದಾಗ ತಾಯಿ ಮಗುವಿನೊಡನೆ ಹೊರಗಿದ್ದು, ಬಳಿಕ ತಾಯಿಯೂ ಮತ್ತೆ ಸಾಲು ನಿಲ್ಲದೆ ಹೋಗಿಬರುವ ‘ರೈಡರ್ ಸ್ವಿಚ್’ ಎಂಬ ಉಚಿತ ಸೌಕರ್ಯವೂ ಇದೆ. ಅದನ್ನು ಧಾರಾಳವಾಗಿ ಬಳಸಿರಿ. ಮಗುವನ್ನು ನೋಡಿಕೊಳ್ಳುವವರಿಗೆ ಸಿಕ್ಕ ಮರ್ಯಾದೆಯದು.

ಇನ್ನೊಂದು ಆಕ್ಷೇಪ: "ಇದು ಅಮೆರಿಕದ ಬಂಡವಾಳಶಾಹಿಯ ಗುಣ, ನಮ್ಮಲ್ಲಿ ಹೀಗಿಲ್ಲ." ಈ ಮಾತನ್ನು ನಾನು ಒಪ್ಪಲಾರೆ. ತಿರುಮಲೆಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ನಮ್ಮ ಎಷ್ಟೋ ದೇವಸ್ಥಾನಗಳಲ್ಲಿ ಧರ್ಮದರ್ಶನಕ್ಕೊಂದು, ವಿಶೇಷ ದರ್ಶನಕ್ಕೊಂದು ಸಾಲಿದೆ. ದೇವರ ಮುಂದೆಯೇ ಸರತಿಯನ್ನು ಮಾರಿದವರು ಮಿಕ್ಕಿ ಮೌಸಿನ ಮುಂದೆ ಮಾರುವವರಿಗೆ ನೀತಿ ಹೇಳುವುದು ಹೇಗೆ? ಹೇಳಬೇಕಾದರೆ ಇಬ್ಬರಿಗೂ ಹೇಳಬೇಕು. ನಾನು ಇಬ್ಬರಿಗೂ ಹೇಳುತ್ತಿದ್ದೇನೆ.

ಹಾಗಾದರೆ ಹೋಗಲೇಬಾರದೆ? ಹೋಗಿರಿ. ಸಂತೋಷವಾಗಿ ಹೋಗಿರಿ. ಆದರೆ ನಿಮ್ಮ ಹಳೆಯ ಮೇಷ್ಟ್ರ ಕೆಲವು ಮಾತುಗಳನ್ನು ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಮಗುವಿಗೆ ಆರೋ ಏಳೋ ತುಂಬುವವರೆಗೆ ತಡೆಯಿರಿ. ಆಗ ಅದು ತನಗೇನು ಬೇಕೆಂದು ತಾನೇ ಹೇಳಬಲ್ಲದು. ಅದಕ್ಕೂ ಮುಂಚೆ ಹೋಗುವಿರಾದರೆ ದಿನಕ್ಕೆ ನಾಲ್ಕೈದು ಆಟ ಸಾಕು. ಯಾವುವು ಎಂಬುದನ್ನು ಮಗುವೇ ಆರಿಸಲಿ. ಅದು ಒಂದೇ ಆಟವನ್ನು ಮೂರು ಬಾರಿ ಆಡಬೇಕೆಂದರೆ ಆಡಲಿ; ಪುನರಾವರ್ತನೆಯಿಂದಲೇ ಮಕ್ಕಳು ಕಲಿಯುವುದು ಮತ್ತು ಹಿಗ್ಗುವುದು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೋಣೆಗೆ ಹಿಂದಿರುಗಿ ಮಲಗಿಸಿರಿ. ಕೊಳದ ಬಾತುಕೋಳಿಯ ಮುಂದೆ ಮಗು ನಿಂತುಬಿಟ್ಟರೆ ನೀವೂ ನಿಲ್ಲಿರಿ. ಮೊಬೈಲಿನಲ್ಲಿ ಮುಂದಿನ ಆಟದ ಸಮಯ ಹುಡುಕುತ್ತ ತಲೆ ತಗ್ಗಿಸಿ ನಡೆಯುವ ತಂದೆಗಿಂತ, ಬಾತುಕೋಳಿಯನ್ನು ನೋಡುವ ಮಗುವೇ ಆ ಉದ್ಯಾನವನ್ನು ಹೆಚ್ಚು ನೋಡಿರುತ್ತದೆ. ಸಾಲಿನಲ್ಲಿ ನಿಂತಾಗ ಕಥೆ ಹೇಳಿರಿ, ಒಗಟು ಕೇಳಿರಿ. ಕೆಲಸದ ದಿನಗಳಲ್ಲಿ ನಿಮ್ಮ ಮಗುವಿಗೆ ಇಪ್ಪತ್ತು ನಿಮಿಷ ನಿಮ್ಮ ಪೂರ್ಣ ಗಮನ ಸಿಗುವುದು ಎಷ್ಟು ಅಪರೂಪವೆಂದು ನಿಮಗೇ ಗೊತ್ತು. ಆ ಇಪ್ಪತ್ತು ನಿಮಿಷವನ್ನು ಹಣ ಕೊಟ್ಟು ತಪ್ಪಿಸಿಕೊಳ್ಳುವುದೆ?

ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಹಿಂದೆ ಒಂದು ಮೆರ್ರಿ-ಗೋ-ರೌಂಡ್ ಇದೆ. ಅದು ಆ ಉದ್ಯಾನಕ್ಕಿಂತಲೂ ಹಳೆಯದು: 1917ರಲ್ಲಿ ತಯಾರಾಗಿ, ಬೇರೆ ಊರುಗಳಲ್ಲಿ ಮಕ್ಕಳನ್ನು ಸುತ್ತಿಸಿ, 1971ರಲ್ಲಿ ಫ್ಲೋರಿಡಾಕ್ಕೆ ಬಂದು ನಿಂತದ್ದು. ಅದಕ್ಕೆ ಮಿಂಚಿನ ದಾರಿಯಿಲ್ಲ, ಎತ್ತರದ ಕಟ್ಟಳೆಯೂ ಇಲ್ಲ. ಒಂದೇ ಸಾಲು. ದೊಡ್ಡವರೂ ಹತ್ತಬಹುದು. ಹೋದಾಗ ಮೊದಲು ಅಲ್ಲಿಗೆ ಹೋಗಿರಿ. ಮಗುವನ್ನು ಒಂದು ಕುದುರೆಯ ಮೇಲೆ ಕೂರಿಸಿ, ಬೆಂಚು ಹುಡುಕದೆ ಪಕ್ಕದ ಕುದುರೆಯ ಮೇಲೆ ನೀವೂ ಕುಳಿತುಕೊಳ್ಳಿರಿ. ಗ್ರಿಫಿತ್ ಪಾರ್ಕಿನ ಬೆಂಚಿನ ಮೇಲೆ ಕುಳಿತ ತಂದೆಯೊಬ್ಬ ಬಯಸಿದ್ದು ಅಷ್ಟನ್ನೇ.